ಹೃದಯದ ಜಾಲರಿಯೂ ರಕ್ತದ ಹೆಪ್ಪೂ

೧

ಹಾಲು ಮೊಸರಾಗುವುದಕ್ಕೂ ರಕ್ತ ಗಟ್ಟಿಯಾಗುವುದಕ್ಕೂ ಕನ್ನಡದಲ್ಲಿ ಇರುವುದು ಒಂದೇ ಮಾತು: ಹೆಪ್ಪು. ಹಾಲಿಗೆ ಹೆಪ್ಪು ಹಾಕುತ್ತೇವೆ. ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಕಡೆಯೂ ದ್ರವವಾಗಿದ್ದ ವಸ್ತು ಹೊರಗಿನ ಒಂದು ಸ್ಪರ್ಶದಿಂದ ತನ್ನ ರೂಪವನ್ನು ಬದಲಿಸುತ್ತದೆ. ಗಾಯವಾದಾಗ ರಕ್ತದ ಈ ಗುಣವು ಪ್ರಾಣರಕ್ಷಕ. ಹೃದಯದ ಧಮನಿಯ ಒಳಗೆ ಅದೇ ಗುಣವು ಪ್ರಾಣಾಪಹಾರಿ. ಈ ಎರಡು ಮುಖಗಳ ನಡುವೆ ವೈದ್ಯಶಾಸ್ತ್ರವು ನಡೆಸಿದ ಹೋರಾಟದ ಒಂದು ಪ್ರಕರಣವನ್ನು ಇಲ್ಲಿ ನಿರೂಪಿಸಲು ಯತ್ನಿಸಿದೆ.

ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ಧಮನಿಗಳಿಗೆ ಕಿರೀಟಧಮನಿಗಳೆಂದು ಹೆಸರು. ಅವು ಹೃದಯದ ಮೇಲ್ಭಾಗವನ್ನು ಕಿರೀಟದಂತೆ ಸುತ್ತಿಕೊಂಡಿರುವುದೇ ಈ ಹೆಸರಿಗೆ ಕಾರಣ. ಇವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದಾಗ ಅದನ್ನು ಅಗಲಿಸಿ, ಮತ್ತೆ ಕುಸಿಯದಂತೆ ಒಳಗೆ ನಿಲ್ಲಿಸುವ ಲೋಹದ ಜಾಲರಿಯ ಕೊಳವೆಯೇ ಸ್ಟೆಂಟ್. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿದ್ದ ಚಾರ್ಲ್ಸ್ ಸ್ಟೆಂಟ್ ಎಂಬ ದಂತವೈದ್ಯನು ಹಲ್ಲಿನ ಅಚ್ಚು ತೆಗೆಯಲು ಒಂದು ಮೇಣದಂಥ ವಸ್ತುವನ್ನು ಸಿದ್ಧಪಡಿಸಿದನು. ಅದನ್ನು ಮುಂದೆ ಶಸ್ತ್ರವೈದ್ಯರು ಚರ್ಮದ ಕಸಿಯನ್ನು ಹಿಡಿದಿಡಲು ಬಳಸಿದರು. ಹೀಗೆ ಆತನ ಹೆಸರು ಒಳಗಿನಿಂದ ಆನಿಕೆ ಕೊಡುವ ಸಾಧನಕ್ಕೆಲ್ಲ ಅಂಟಿಕೊಂಡಿತು.

ಇಂದು ದೆಹಲಿಯ ಕನ್ನಡಿಗರ ಯಾವ ಸಮಾರಂಭಕ್ಕೆ ಹೋದರೂ 'ಸ್ಟೆಂಟ್ ಹಾಕಿಸಿಕೊಂಡವರು' ಇಬ್ಬರು ಮೂವರು ಎದುರಾಗುತ್ತಾರೆ. ಮಾತು ಸಾಮಾನ್ಯವಾಗಿ ಯಾವ ಆಸ್ಪತ್ರೆ, ಎಷ್ಟು ಸ್ಟೆಂಟ್, ಎಷ್ಟು ಖರ್ಚು ಎಂಬಲ್ಲಿಗೆ ಮುಗಿಯುತ್ತದೆ. ದಿನವೂ ತೆಗೆದುಕೊಳ್ಳಬೇಕಾದ ಮಾತ್ರೆಯ ಪ್ರಸ್ತಾಪ ಬರುವುದು ಅಪರೂಪ. ಆದರೆ ಸ್ಟೆಂಟಿನ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ತೋರಿಬರುತ್ತದೆ. ಧಮನಿಯನ್ನು ತೆರೆಯುವುದು ಲೋಹ; ಆ ಲೋಹವನ್ನು ತೆರೆದಿಡುವುದು ಮಾತ್ರೆ. ಸ್ಟೆಂಟ್ ಹುಟ್ಟಿದ ಮೊದಲ ಹತ್ತು ವರ್ಷ ಅದು ಉಳಿಯುವುದೇ ಸಂದೇಹವಾಗಿದ್ದಿತು. ಅದನ್ನು ಉಳಿಸಿದ್ದು ಲೋಹವಿದ್ಯೆಯಲ್ಲಾದ ಸುಧಾರಣೆಗಿಂತ ಹೆಚ್ಚಾಗಿ ಹೆಪ್ಪಿನ ಸ್ವಭಾವದ ಬಗೆಗೆ ಬಂದ ಸರಿಯಾದ ತಿಳಿವಳಿಕೆ. ಈ ಚರಿತ್ರೆಯ ಕೆಲವು ಮುಖ್ಯ ತಿರುವುಗಳು ದೆಹಲಿಯಲ್ಲಿಯೇ ಸಂಭವಿಸಿದುವು ಎಂಬುದೂ ಗಮನಾರ್ಹ.

೨

ಸ್ವಾತಂತ್ರ್ಯ ಬಂದ ಕಾಲಕ್ಕೆ ದೆಹಲಿಯ ಆಸ್ಪತ್ರೆಗಳಲ್ಲಿ ಹೃದ್ರೋಗವೆಂದರೆ ಬಹುಮಟ್ಟಿಗೆ ಕೀಲುವಾತಜ್ವರದಿಂದ ಕವಾಟಗಳು ಕೆಟ್ಟ ಎಳೆಯರ ರೋಗ. ಬರ್ಮಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಹೆಲೆನ್ ಟೌಸಿಗ್ ಮತ್ತು ಪಾಲ್ ಡಡ್ಲಿ ವೈಟ್ ಅವರ ಬಳಿ ಹೃದ್ರೋಗಶಾಸ್ತ್ರವನ್ನು ಕಲಿತು ಬಂದ ಡಾ. ಎಸ್. ಪದ್ಮಾವತಿಯವರು ೧೯೫೦ರ ದಶಕದಲ್ಲಿ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೃದಯ ಚಿಕಿತ್ಸಾಲಯವನ್ನೂ, ಹೃದಯದೊಳಕ್ಕೆ ತೆಳುನಳಿಕೆಯನ್ನು ತೂರಿಸಿ ಪರೀಕ್ಷಿಸುವ ಪ್ರಯೋಗಾಲಯವನ್ನೂ ಕಟ್ಟಿದರು. ೧೯೬೨ರಲ್ಲಿ ಅಖಿಲ ಭಾರತ ಹೃದಯ ಪ್ರತಿಷ್ಠಾನವನ್ನೂ ೧೯೮೧ರಲ್ಲಿ ರಾಷ್ಟ್ರೀಯ ಹೃದಯ ಸಂಸ್ಥೆಯನ್ನೂ ಸ್ಥಾಪಿಸಿದವರು ಅವರೇ. ೧೦೩ ವರ್ಷಗಳ ತುಂಬುಜೀವನವನ್ನು ನಡೆಸಿ ಅವರು ೨೦೨೦ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ೧೯೫೬ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹುಟ್ಟಿತು. ಹೃದಯದೊಳಕ್ಕೆ ನಳಿಕೆಯನ್ನು ಕಳುಹಿಸಬಹುದೆಂದು ೧೯೨೯ರಲ್ಲಿ ಜರ್ಮನಿಯ ಏಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ತನ್ನ ತೋಳಿನ ರಕ್ತನಾಳದ ಮೂಲಕವೇ ತೋರಿಸಿದ್ದ ವರ್ನರ್ ಫೋರ್ಸ್‌ಮನ್‌ನಿಗೆ ನೊಬೆಲ್ ಪಾರಿತೋಷಕ ದೊರೆತದ್ದೂ ಅದೇ ವರ್ಷ.

ಮುಂದಿನ ಮೂವತ್ತು ವರ್ಷಗಳಲ್ಲಿ ನಗರದ ಜೀವನ ಬದಲಾಯಿತು, ರೋಗವೂ ಬದಲಾಯಿತು. ೧೯೯೦ರಲ್ಲಿ ಪ್ರಕಟವಾದ ದೆಹಲಿ ನಗರದ ಒಂದು ಸಮೀಕ್ಷೆಯಲ್ಲಿ ೨೫ರಿಂದ ೬೪ ವರ್ಷದವರೆಗಿನ ೧೩,೭೨೩ ಮಂದಿಯನ್ನು ಪರೀಕ್ಷಿಸಿದಾಗ ಸಾವಿರಕ್ಕೆ ಸುಮಾರು ೯೭ ಜನರಲ್ಲಿ ಕಿರೀಟಧಮನಿಯ ರೋಗ ಕಂಡುಬಂದಿತು. ನೆರೆಯ ಹರಿಯಾಣದ ಹಳ್ಳಿಗಳಲ್ಲಿ ಈ ಪ್ರಮಾಣ ಇದರ ಮೂರನೆಯ ಒಂದು ಪಾಲಿಗಿಂತಲೂ ಕಡಮೆಯಾಗಿದ್ದಿತು. ಯಮುನೆಯ ದಡದ ಈ ನಗರವು ಕಿರೀಟಧಮನಿ ರೋಗದ ನೆಲೆಯಾಗುತ್ತಿದ್ದ ಆ ಕಾಲದಲ್ಲಿಯೇ ಯೂರೋಪಿನಲ್ಲಿ ಸ್ಟೆಂಟು ಹುಟ್ಟಿ ತನ್ನ ಮೊದಲ ಸಂಕಟಗಳನ್ನು ಅನುಭವಿಸುತ್ತಿದ್ದಿತು.

೩

೧೯೬೪ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಚಾರ್ಲ್ಸ್ ಡಾಟರ್, ಕಾಲಿನ ಧಮನಿ ಮುಚ್ಚಿಹೋಗಿದ್ದ ೮೨ ವರ್ಷದ ವೃದ್ಧೆಯೊಬ್ಬರಲ್ಲಿ ಶಸ್ತ್ರಕ್ರಿಯೆ ಇಲ್ಲದೆಯೇ ನಳಿಕೆಗಳನ್ನು ತೂರಿಸಿ ದಾರಿಯನ್ನು ಅಗಲಿಸಿದನು. ಅದೇ ತತ್ತ್ವವನ್ನು ಬೆಲೂನಿಗೆ ಅಳವಡಿಸಿ, ೧೯೭೭ರ ಸೆಪ್ಟೆಂಬರ್ ೧೬ರಂದು ಜೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್, ಎಚ್ಚರವಾಗಿದ್ದ ರೋಗಿಯ ಕಿರೀಟಧಮನಿಯನ್ನು ಮೊದಲ ಬಾರಿಗೆ ಹಿಗ್ಗಿಸಿದನು. ಆತನ ಬಳಿ ಈ ವಿದ್ಯೆಯನ್ನು ಕಲಿತ ಡಾ. ಮ್ಯಾಥ್ಯೂ ಸ್ಯಾಮ್ಯುಯೆಲ್ ಕಳರಿಕ್ಕಲ್ ಅವರು ೧೯೮೦ರ ದಶಕದ ನಡುವಿನಲ್ಲಿ ಅದನ್ನು ಮದರಾಸಿಗೆ ತಂದರು. ಕೆಲವೇ ವರ್ಷಗಳಲ್ಲಿ ಅದು ದೆಹಲಿಯಲ್ಲಿಯೂ ನೆಲೆಗೊಂಡಿತು.

ಬೆಲೂನಿನ ಚಿಕಿತ್ಸೆಗೆ ಎರಡು ದೋಷಗಳಿದ್ದುವು. ಹಿಗ್ಗಿಸಿದ ಧಮನಿಯ ಒಳಪದರ ಹರಿದು ಕೆಲವರಲ್ಲಿ ತತ್‌ಕ್ಷಣವೇ ಮುಚ್ಚಿಹೋಗುತ್ತಿದ್ದಿತು. ಉಳಿದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಕೆಲವು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿದ್ದಿತು. ಈ ಎರಡಕ್ಕೂ ಪರಿಹಾರವೆಂದು ೧೯೮೬ರ ಮಾರ್ಚ್ ೨೮ರಂದು ಫ್ರಾನ್ಸಿನ ತುಲೂಸ್ ನಗರದಲ್ಲಿ ಜಾಕ್ ಪ್ಯುಯೆಲ್, ಮನುಷ್ಯನ ಕಿರೀಟಧಮನಿಯೊಳಗೆ ಮೊದಲ ಸ್ಟೆಂಟನ್ನು ನಿಲ್ಲಿಸಿದನು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಉಲ್ರಿಚ್ ಸಿಗ್ವಾರ್ಟ್ ಇದೇ ಕಾರ್ಯವನ್ನು ಕೈಗೊಂಡನು.

ಗೋಡೆ ಕುಸಿಯುವ ತೊಂದರೆ ಇದರಿಂದ ನಿಂತಿತೇನೋ ನಿಜ. ಆದರೆ ಲೋಹವೇ ಹೆಪ್ಪಿಗೆ ಕಾರಣವಾಯಿತು. ೧೯೯೧ರಲ್ಲಿ ಪ್ಯಾಟ್ರಿಕ್ ಸೆರೂಯಿಸ್ ಮತ್ತು ಸಂಗಡಿಗರು ಈ ಹೊಸ ಸಾಧನವನ್ನು ಪಡೆದ ೧೦೫ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಟೆಂಟ್ ಪೂರ್ಣವಾಗಿ ಮುಚ್ಚಿಹೋಗಿದ್ದಿತು. ಹೆಚ್ಚಿನ ಪಾಲು ಮೊದಲ ಎರಡು ವಾರಗಳೊಳಗೇ. ಹಳೆಯ ಅಡಚಣೆ ನಿಧಾನವಾಗಿ ಬೆಳೆದುದು. ಸ್ಟೆಂಟಿನ ಹೆಪ್ಪು ಗಳಿಗೆಯಲ್ಲಿ ಬರುವುದು. ನಿಧಾನವಾಗಿ ಕಿರಿದಾಗುವ ಧಮನಿಯು ಎದೆನೋವಿನಿಂದ ಎಚ್ಚರಿಕೆ ಕೊಡುತ್ತದೆ. ಹೆಪ್ಪಿನಿಂದ ಮುಚ್ಚುವ ಧಮನಿ ಯಾವ ಎಚ್ಚರಿಕೆಯನ್ನೂ ಕೊಡದೆ ನೇರವಾಗಿ ಹೃದಯಾಘಾತವನ್ನು ತರುತ್ತದೆ.

೪

ಹೆಪ್ಪನ್ನು ತಡೆಯಲು ಆ ಕಾಲದ ವೈದ್ಯರು ಕೈಗೊಂಡ ಉಪಾಯವು ಈ ಚರಿತ್ರೆಯಲ್ಲಿ ವಿಶೇಷ ಪಾಠವುಳ್ಳದ್ದು. ಅದನ್ನು ತಿಳಿಯಬೇಕಾದರೆ ಹೆಪ್ಪುಗಟ್ಟುವಿಕೆಯ ಎರಡು ದಾರಿಗಳನ್ನು ಬೇರೆಬೇರೆಯಾಗಿ ನೋಡಬೇಕು.

ಒಂದನೆಯದು ರಕ್ತದ ನೀರಿನಂಶದಲ್ಲಿರುವ ಪ್ರೋಟೀನುಗಳ ದಾರಿ. ಒಂದು ಪ್ರೋಟೀನು ಇನ್ನೊಂದನ್ನು ಎಚ್ಚರಿಸಿ, ಕೊನೆಗೆ ಫೈಬ್ರಿನ್ ಎಂಬ ನೂಲಿನ ಬಲೆ ಹೆಣೆಯಲ್ಪಡುತ್ತದೆ. ರಕ್ತ ನಿಧಾನವಾಗಿ ಹರಿಯುವ ಅಥವಾ ನಿಂತ ಕಡೆಗಳಲ್ಲಿ, ಮುಖ್ಯವಾಗಿ ಕಾಲಿನ ಸಿರೆಗಳಲ್ಲಿ, ಈ ಬಗೆ ಪ್ರಧಾನ. ೧೯೧೬ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಜೇ ಮೆಕ್‌ಲೀನ್‌ನ ಶೋಧದಿಂದ ಆರಂಭವಾದ ಹೆಪರಿನ್ ಮತ್ತು ಆಮೇಲೆ ಬಂದ ವಾರ್ಫರಿನ್ ಈ ದಾರಿಯನ್ನು ತಡೆಯುತ್ತವೆ.

ಎರಡನೆಯದು ಪ್ಲೇಟ್‌ಲೆಟ್ಟುಗಳ ದಾರಿ. ೧೮೮೨ರಲ್ಲಿ ಇಟಲಿಯ ತೂರಿನ್ ನಗರದ ಜೂಲಿಯೊ ಬಿಜೊಜೆರೊ ಈ ಸೂಕ್ಷ್ಮ ಬಿಲ್ಲೆಗಳನ್ನು ವಿವರಿಸಿ, ಗಾಯವಾದ ಗೋಡೆಗೆ ಮೊದಲು ಅಂಟಿಕೊಳ್ಳುವುವು ಇವೇ ಎಂದು ತೋರಿಸಿದ್ದನು. ವೇಗವಾಗಿ ರಕ್ತ ಹರಿಯುವ ಧಮನಿಗಳಲ್ಲಿ ಹೆಪ್ಪಿನ ಆರಂಭ ಇವುಗಳಿಂದಲೇ. ಅವು ಲೋಹದ ಎಳೆಗೆ ಅಂಟುತ್ತವೆ, ತಮ್ಮ ಒಡಲಿನಿಂದ ಸಂಕೇತದ್ರವ್ಯಗಳನ್ನು ಹೊರಬಿಟ್ಟು ನೆರೆಯ ಬಿಲ್ಲೆಗಳನ್ನು ಕರೆಯುತ್ತವೆ, ಒಂದರ ಮೇಲೊಂದು ರಾಶಿಯಾಗುತ್ತವೆ.

೧೯೯೦ರ ಸುಮಾರಿನಲ್ಲಿ ಸ್ಟೆಂಟ್ ಹಾಕಿದ ವೈದ್ಯರು ಮುಖ್ಯವಾಗಿ ಮೊದಲನೆಯ ದಾರಿಯನ್ನು ಕಟ್ಟಲು ಹೊರಟರು. ಹೆಪರಿನ್, ವಾರ್ಫರಿನ್, ಡೆಕ್ಸ್‌ಟ್ರಾನ್, ಜೊತೆಗೆ ಆಸ್ಪಿರಿನ್ ಮತ್ತು ಡೈಪಿರಿಡಮೋಲ್: ಇಷ್ಟನ್ನೂ ಒಟ್ಟಿಗೆ ಕೊಡುತ್ತಿದ್ದರು. ರೋಗಿಗಳು ಬಹು ದಿನ ಆಸ್ಪತ್ರೆಯಲ್ಲಿ ಮಲಗಿರಬೇಕಾಗುತ್ತಿದ್ದಿತು. ತೊಡೆಯ ಸಂಧಿಯಲ್ಲಿ ನಳಿಕೆ ತೂರಿಸಿದ ಕಡೆ ರಕ್ತ ಸೋರುತ್ತಿದ್ದಿತು. ಇಷ್ಟಾದರೂ ಸ್ಟೆಂಟಿನೊಳಗೆ ಹೆಪ್ಪು ನಿಲ್ಲಲಿಲ್ಲ. ಹೊರಗೆ ರಕ್ತಸ್ರಾವ, ಒಳಗೆ ಹೆಪ್ಪು ಎಂಬ ವಿಪರೀತ ಸ್ಥಿತಿ ಒದಗಿದ್ದಿತು.

ಇದರಿಂದ ಬಿಡುಗಡೆ ಎರಡು ಕಡೆಗಳಿಂದ ಬಂದಿತು. ಮಿಲಾನ್ ನಗರದ ಆಂಟೋನಿಯೊ ಕೊಲಂಬೊ, ಧಮನಿಯ ಒಳಗೇ ಶಬ್ದತರಂಗದ ಉಪಕರಣವನ್ನು ಇಳಿಸಿ ನೋಡಿದಾಗ ಅನೇಕ ಸ್ಟೆಂಟುಗಳು ಗೋಡೆಗೆ ಪೂರ್ತಿಯಾಗಿ ಅಂಟಿಕೊಂಡಿಲ್ಲವೆಂಬುದು ಕಂಡುಬಂದಿತು. ಹೆಚ್ಚಿನ ಒತ್ತಡದ ಬೆಲೂನಿನಿಂದ ಅವನ್ನು ಗೋಡೆಗೆ ಒತ್ತಿದರೆ ವಾರ್ಫರಿನ್ ಬೇಕಾಗುವುದಿಲ್ಲವೆಂದು ಆತನು ೧೯೯೫ರಲ್ಲಿ ತೋರಿಸಿದನು. ಅದೇ ಕಾಲದಲ್ಲಿ ಫ್ರಾನ್ಸಿನ ವೈದ್ಯರು ಆಸ್ಪಿರಿನ್ ಜೊತೆಗೆ ಟಿಕ್ಲೊಪಿಡೀನ್ ಎಂಬ ಔಷಧವನ್ನು ಪ್ರಯೋಗಿಸುತ್ತಿದ್ದರು. ಇವೆರಡೂ ಪ್ಲೇಟ್‌ಲೆಟ್ಟುಗಳನ್ನೇ ತಡೆಯುವುವು, ಆದರೆ ಬೇರೆಬೇರೆ ಕಡೆ: ಆಸ್ಪಿರಿನ್ ಒಂದು ಸಂಕೇತದ್ರವ್ಯದ ಉತ್ಪತ್ತಿಯನ್ನು ನಿಲ್ಲಿಸುತ್ತದೆ; ಟಿಕ್ಲೊಪಿಡೀನ್ ಮತ್ತೊಂದು ಸಂಕೇತವು ಬಂದು ತಟ್ಟುವ ಬಾಗಿಲನ್ನೇ ಮುಚ್ಚುತ್ತದೆ.

೧೯೯೬ರಲ್ಲಿ ಮ್ಯೂನಿಚ್‌ನ ಆಲ್ಬರ್ಟ್ ಶೋಮಿಗ್ ಮತ್ತು ಸಂಗಡಿಗರು ೫೧೭ ರೋಗಿಗಳಲ್ಲಿ ಎರಡು ಕ್ರಮಗಳನ್ನೂ ಹೋಲಿಸಿ ನೋಡಿದರು. ಹಳೆಯ ಕ್ರಮದವರಲ್ಲಿ ನೂರಕ್ಕೆ ೫.೪ರಷ್ಟು ಮಂದಿಗೆ ಸ್ಟೆಂಟ್ ಹಾಕಿದ ಧಮನಿ ಮುಚ್ಚಿತು. ಎರಡು ಮಾತ್ರೆಗಳ ಹೊಸ ಕ್ರಮದಲ್ಲಿ ಕೇವಲ ೦.೮. ರಕ್ತಸ್ರಾವದ ತೊಡಕು ಹಳೆಯ ಕ್ರಮದಲ್ಲಿ ನೂರಕ್ಕೆ ೬.೫; ಹೊಸದರಲ್ಲಿ ಒಂದೂ ಇಲ್ಲ. ೧೯೯೮ರಲ್ಲಿ ೧,೬೫೩ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆ ಇದನ್ನೇ ಸಮರ್ಥಿಸಿತು. ಆಸ್ಪಿರಿನ್ ಒಂದನ್ನೇ ತೆಗೆದುಕೊಂಡವರಲ್ಲಿ ತೊಡಕುಗಳು ನೂರಕ್ಕೆ ೩.೬, ವಾರ್ಫರಿನ್ ಕೂಡಿಸಿದವರಲ್ಲಿ ೨.೭, ಟಿಕ್ಲೊಪಿಡೀನ್ ಕೂಡಿಸಿದವರಲ್ಲಿ ೦.೫. ಹೆಚ್ಚು ಔಷಧ ಹೆಚ್ಚು ರಕ್ಷಣೆ ಎಂಬ ನಂಬಿಕೆ ಇಲ್ಲಿಗೆ ಬಿದ್ದುಹೋಯಿತು. ಬೇಕಾದುದು ಸರಿಯಾದ ಬಾಗಿಲನ್ನು ಮುಚ್ಚುವುದು.

ಈ ಜೋಡಿಯಲ್ಲಿ ಹಿರಿಯದಾದ ಆಸ್ಪಿರಿನ್ನಿನ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ೧೮೯೭ರಲ್ಲಿ ಜರ್ಮನಿಯಲ್ಲಿ ನೋವಿನ ಔಷಧವಾಗಿ ಸಿದ್ಧವಾದ ಇದಕ್ಕೆ ಹೃದಯದ ಸಂಬಂಧವನ್ನು ಮೊದಲು ಊಹಿಸಿದವನು ಕ್ಯಾಲಿಫೋರ್ನಿಯದ ಗ್ಲೆಂಡೇಲ್ ಎಂಬ ಊರಿನ ಸಾಮಾನ್ಯ ವೈದ್ಯ ಲಾರೆನ್ಸ್ ಕ್ರೇವನ್. ಗಂಟಲಿನ ಗ್ರಂಥಿಯನ್ನು ತೆಗೆಸಿಕೊಂಡ ಮಕ್ಕಳು ಆಸ್ಪಿರಿನ್ ಬೆರೆತ ಅಂಟನ್ನು ಅಗಿದಾಗ ರಕ್ತ ನಿಲ್ಲದುದನ್ನು ಆತನು ಗಮನಿಸಿದನು. ೧೯೫೦ರ ದಶಕದಲ್ಲಿ ಆತನು ಚಿಕ್ಕ ಪತ್ರಿಕೆಗಳಲ್ಲಿ ಬರೆದುದನ್ನು ಯಾರೂ ಲಕ್ಷಿಸಲಿಲ್ಲ. ೧೯೭೧ರಲ್ಲಿ ಜಾನ್ ವೇನ್ ಆಸ್ಪಿರಿನ್ ಕೆಲಸಮಾಡುವ ಬಗೆಯನ್ನು ಕಂಡುಹಿಡಿದನು. ೧೯೮೮ರಲ್ಲಿ ಹೃದಯಾಘಾತವಾದ ೧೭,೧೮೭ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಒಂದು ತಿಂಗಳ ಆಸ್ಪಿರಿನ್ ಹೃದಯ ಮತ್ತು ರಕ್ತನಾಳಗಳ ಕಾರಣದಿಂದಾಗುವ ಮರಣವನ್ನು ನೂರಕ್ಕೆ ೨೩ರಷ್ಟು ತಗ್ಗಿಸುತ್ತದೆಂದು ಸಿದ್ಧವಾಯಿತು.

೫

ಟಿಕ್ಲೊಪಿಡೀನ್ ಕೆಲವರಲ್ಲಿ ಬಿಳಿಯ ರಕ್ತಕಣಗಳನ್ನು ಅಪಾಯಕರವಾಗಿ ಇಳಿಸುತ್ತಿದ್ದಿತು. ಅದರ ಸಂತತಿಯೇ ಆದ ಕ್ಲೊಪಿಡೋಗ್ರೆಲ್‌ಗೆ ಈ ದೋಷ ಬಹು ಕಡಮೆ. ೧೯೯೭ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ೨೦೦೧ರಲ್ಲಿ ೧೨,೫೬೨ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದು, ಆಸ್ಪಿರಿನ್ ಜೊತೆಗೆ ಕ್ಲೊಪಿಡೋಗ್ರೆಲ್ ಸೇರಿಸಿದರೆ ಹೃದಯ ಮತ್ತು ರಕ್ತನಾಳಗಳ ಕಾರಣದಿಂದಾಗುವ ಮರಣ, ಹೃದಯಾಘಾತ, ಪಾರ್ಶ್ವವಾಯು ಇವುಗಳ ಮೊತ್ತ ನೂರಕ್ಕೆ ೧೧.೪ರಿಂದ ೯.೩ಕ್ಕೆ ಇಳಿಯುವುದೆಂದು ತೋರಿಸಿತು. ದೊಡ್ಡ ರಕ್ತಸ್ರಾವ ೨.೭ರಿಂದ ೩.೭ಕ್ಕೆ ಏರಿತು. ಈ ಪರೀಕ್ಷೆಯ ಮುಂದಾಳು ಡಾ. ಸಲೀಂ ಯೂಸುಫ್. ಕೇರಳದಲ್ಲಿ ಹುಟ್ಟಿದ ಇವರು ವೈದ್ಯವಿದ್ಯೆಯನ್ನು ಕಲಿತದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಎಂಬುದನ್ನು ಕನ್ನಡ ವಾಚಕರು ನೆನೆಯಬೇಕಾದುದು ಉಚಿತ.

ಇನ್ನು ದೆಹಲಿಗೆ ಬರೋಣ. ಶೋಧ ಹೊರನಾಡಿನದಾದರೂ ಆ ಮಾತ್ರೆ ಭಾರತದ ಸಾಮಾನ್ಯನ ಕೈಗೆ ಬಂದುದು ದೆಹಲಿಯ ಒಂದು ಕಾಯಿದೆಯಿಂದ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು ೧೯೫೯ರಲ್ಲಿ ಕೊಟ್ಟ ವರದಿಯನ್ನು ಆಧರಿಸಿ ಪಾರ್ಲಿಮೆಂಟು ೧೯೭೦ರಲ್ಲಿ ಪೇಟೆಂಟ್ ಕಾಯಿದೆಯನ್ನು ಅಂಗೀಕರಿಸಿತು. ೧೯೭೨ರಲ್ಲಿ ಅದು ಜಾರಿಗೆ ಬಂದಿತು. ಅದರ ಪ್ರಕಾರ ಔಷಧದ ವಸ್ತುವಿನ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ. ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ ಉಂಟು. ಬೇರೆ ವಿಧಾನದಿಂದ ಅದೇ ಔಷಧವನ್ನು ಯಾರು ಬೇಕಾದರೂ ಮಾಡಬಹುದಾಗಿದ್ದಿತು. ೨೦೦೫ರ ಜನವರಿ ೧ರಿಂದ ಈ ನಿಯಮ ಬದಲಾಯಿತು. ಆದರೆ ಅಷ್ಟರೊಳಗೆ, ಈ ಶತಮಾನದ ಮೊದಲ ವರ್ಷಗಳಲ್ಲಿಯೇ, ಭಾರತೀಯ ಕಂಪನಿಗಳು ಕ್ಲೊಪಿಡೋಗ್ರೆಲ್ ಮಾತ್ರೆಯನ್ನು ಅಗ್ಗವಾಗಿ ಮಾರಲು ತೊಡಗಿದ್ದುವು. ಅಮೆರಿಕದ ರೋಗಿಗಳು ಅದೇ ಮಾತ್ರೆಯ ಅಗ್ಗದ ರೂಪಕ್ಕಾಗಿ ೨೦೧೨ರವರೆಗೆ ಕಾಯಬೇಕಾಯಿತು. ಇಂದು ಭಾರತದಲ್ಲಿ ಅದರ ಬೆಲೆ ಮಾತ್ರೆಯೊಂದಕ್ಕೆ ಕೆಲವೇ ರೂಪಾಯಿ.

೬

ಹೆಪ್ಪಿನ ತೊಂದರೆ ಮುಗಿಯಿತೆಂದು ತಿಳಿದಿದ್ದಾಗಲೇ ಅದು ಇನ್ನೊಂದು ವೇಷದಲ್ಲಿ ಬಂದಿತು. ಬರಿಯ ಲೋಹದ ಸ್ಟೆಂಟಿನ ಮೇಲೆ ಕೆಲವು ವಾರಗಳಲ್ಲಿ ಧಮನಿಯ ಒಳಪೊರೆ ಬೆಳೆದು ಅದನ್ನು ಮುಚ್ಚುತ್ತದೆ. ಲೋಹ ರಕ್ತಕ್ಕೆ ಕಾಣದಾದ ಮೇಲೆ ಹೆಪ್ಪಿನ ಭಯ ಕಡಮೆ. ಆದರೆ ಕೆಲವರಲ್ಲಿ ಈ ಬೆಳವಣಿಗೆ ಮಿತಿಮೀರಿ ದಾರಿಯನ್ನೇ ಕಿರಿದು ಮಾಡುತ್ತಿದ್ದಿತು. ಇದನ್ನು ತಡೆಯಲು ಸ್ಟೆಂಟಿಗೆ ಔಷಧವನ್ನು ಲೇಪಿಸುವ ಯೋಚನೆ ಬಂದಿತು. ಮೊದಲು ಬಳಸಿದ ಔಷಧ ಸಿರೋಲಿಮಸ್. ೧೯೬೪ರಲ್ಲಿ ಶಾಂತಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಇದನ್ನು ಕೆನಡಾದಲ್ಲಿ ಬೇರ್ಪಡಿಸಿದವನು ಸುರೇನ್ ಸೆಹಗಲ್. ಇಂದಿನ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ ಹುಟ್ಟಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದವನು ಆತ. ೨೦೦೩ರ ಏಪ್ರಿಲ್‌ನಲ್ಲಿ ಈ ಲೇಪವುಳ್ಳ ಸ್ಟೆಂಟಿಗೆ ಅಮೆರಿಕದಲ್ಲಿ ಅನುಮತಿ ದೊರೆತಾಗ ಸೆಹಗಲ್ ಬದುಕಿರಲಿಲ್ಲ. ಆ ವರ್ಷದ ಜನವರಿಯಲ್ಲಿಯೇ ಆತನು ತೀರಿಕೊಂಡಿದ್ದನು.

ಲೇಪದಿಂದ ಮತ್ತೆ ಕಿರಿದಾಗುವುದು ಬಹುಮಟ್ಟಿಗೆ ತಗ್ಗಿತು. ಆದರೆ ಅತಿಬೆಳವಣಿಗೆಯನ್ನು ತಡೆದ ಔಷಧವು ಹಿತವಾದ ಪೊರೆಯ ಬೆಳವಣಿಗೆಯನ್ನೂ ನಿಧಾನಗೊಳಿಸಿತು. ಲೋಹವು ಹೆಚ್ಚು ಕಾಲ ರಕ್ತಕ್ಕೆ ತೆರೆದುಕೊಂಡಿದ್ದಿತು. ೨೦೦೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ನಾಲ್ವರು ರೋಗಿಗಳ ವೃತ್ತಾಂತ ಬಂದಿತು. ಸ್ಟೆಂಟ್ ಹಾಕಿ ಸುಮಾರು ಒಂದು ವರ್ಷವಾದ ಮೇಲೆ, ಹೆಪ್ಪುತಡೆಯುವ ಮಾತ್ರೆಯನ್ನು ನಿಲ್ಲಿಸಿದ ಕೂಡಲೆ, ಅವರ ಸ್ಟೆಂಟುಗಳು ಮುಚ್ಚಿಹೋಗಿದ್ದುವು. ಮರುವರ್ಷ ಇಟಲಿ ಮತ್ತು ಜರ್ಮನಿಯ ೨,೨೨೯ ರೋಗಿಗಳ ಪರಿಶೀಲನೆ ಪ್ರಕಟವಾಯಿತು. ಒಂಬತ್ತು ತಿಂಗಳಲ್ಲಿ ೨೯ ಮಂದಿಗೆ, ಎಂದರೆ ನೂರಕ್ಕೆ ೧.೩ ಮಂದಿಗೆ, ಸ್ಟೆಂಟಿನಲ್ಲಿ ಹೆಪ್ಪುಗಟ್ಟಿತು. ಅವರಲ್ಲಿ ೧೩ ಮಂದಿ ಸತ್ತರು. ಆದರೆ ಮಾತ್ರೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದವರನ್ನು ಪ್ರತ್ಯೇಕವಾಗಿ ಲೆಕ್ಕಹಾಕಿದರೆ ಹೆಪ್ಪುಗಟ್ಟಿದುದು ನೂರಕ್ಕೆ ೨೯ ಮಂದಿಗೆ. ಈ ಎರಡು ಸಂಖ್ಯೆಗಳ ಅಂತರವೇ ಇಡೀ ವಿಷಯದ ತಿರುಳು ಎನ್ನಬಹುದು.

೨೦೦೬ರಲ್ಲಿ ಬಾರ್ಸಿಲೋನದಲ್ಲಿ ನಡೆದ ಹೃದ್ರೋಗತಜ್ಞರ ಸಮ್ಮೇಳನದಲ್ಲಿ ಇದು ದೊಡ್ಡ ವಿವಾದವಾಯಿತು. ೨೦೦೭ರ ಜನವರಿಯಲ್ಲಿ ಅಮೆರಿಕದ ಹೃದಯವೈದ್ಯರ, ಶಸ್ತ್ರವೈದ್ಯರ ಮತ್ತು ದಂತವೈದ್ಯರ ಸಂಘಗಳು ಒಟ್ಟಾಗಿ ಒಂದು ಎಚ್ಚರಿಕೆಯನ್ನು ಹೊರಡಿಸಿದುವು. ದಂತವೈದ್ಯರ ಸಂಘ ಅದರಲ್ಲಿ ಸೇರಿದುದಕ್ಕೆ ಕಾರಣವಿದ್ದಿತು: ಹಲ್ಲು ಕೀಳಿಸಲು ಹೋದಾಗ ರಕ್ತ ನಿಲ್ಲದೆಂಬ ಭಯದಿಂದ ಮಾತ್ರೆಯನ್ನು ನಿಲ್ಲಿಸುವುದು ಎಲ್ಲೆಲ್ಲಿಯೂ ರೂಢಿಯಾಗಿದ್ದಿತು. ಹಲ್ಲಿನ ಬುಡದ ರಕ್ತವನ್ನು ಹತ್ತಿಯನ್ನು ಒತ್ತಿ ನಿಲ್ಲಿಸಬಹುದು. ಹೃದಯದ ಹೆಪ್ಪನ್ನು ಹಾಗೆ ಕರಗಿಸಲಾಗದು.

ಆಮೇಲೆ ಬಂದ ಸ್ಟೆಂಟುಗಳು ತೆಳುವಾದ ಎಳೆಗಳುಳ್ಳವು. ಅವುಗಳಲ್ಲಿ ಮೊದಲ ವರ್ಷದ ಹೆಪ್ಪಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಮೆ. ಎರಡು ಮಾತ್ರೆಗಳನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕೆಂಬುದು ಮಾತ್ರ ಇನ್ನೂ ತೂಗಿನೋಡುವ ವಿಷಯ. ೨೦೧೪ರಲ್ಲಿ ೯,೯೬೧ ರೋಗಿಗಳಲ್ಲಿ ೧೨ ತಿಂಗಳ ಬದಲು ೩೦ ತಿಂಗಳು ಕೊಟ್ಟು ನೋಡಿದಾಗ ಸ್ಟೆಂಟಿನ ಹೆಪ್ಪು ನೂರಕ್ಕೆ ೧.೪ರಿಂದ ೦.೪ಕ್ಕೆ ಇಳಿಯಿತು, ರಕ್ತಸ್ರಾವ ೧.೬ರಿಂದ ೨.೫ಕ್ಕೆ ಏರಿತು. ಹೃದಯಾಘಾತವಾಗಿ ಸ್ಟೆಂಟ್ ಪಡೆದವರಿಗೆ ಸಾಮಾನ್ಯವಾಗಿ ಒಂದು ವರ್ಷ, ಬರಿಯ ಎದೆನೋವಿಗಾಗಿ ಪಡೆದವರಿಗೆ ಸಾಮಾನ್ಯವಾಗಿ ಆರು ತಿಂಗಳು ಎಂಬುದು ಬಳಕೆಗೆ ಬಂದ ನಿಯಮ. ಅನಂತರ ಒಂದು ಮಾತ್ರೆ ಉಳಿಯುತ್ತದೆ. ರಕ್ತಸ್ರಾವದ ಭಯವಿರುವವರಿಗೆ ಈ ಅವಧಿಯನ್ನು ಕುಗ್ಗಿಸುವುದೂ ಉಂಟು. ಕೂಡಿಸುವವನೂ ಕಳೆಯುವವನೂ ವೈದ್ಯನೇ ಆಗಿರಬೇಕು.

೭

ಇ‍ಷ್ಟು ಹೊತ್ತಿಗೆ ದೆಹಲಿಯಲ್ಲಿ ಸ್ಟೆಂಟಿನ ಬೆಲೆ ಸಾರ್ವಜನಿಕ ವಿಷಯವಾಗಿದ್ದಿತು. ಬೀರೇಂದರ್ ಸಾಂಗ್ವಾನ್ ಎಂಬ ವಕೀಲರು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತದ ಅರ್ಜಿಯನ್ನು ಸಲ್ಲಿಸಿ, ಪ್ರಾಣ ಉಳಿಸುವ ಈ ಸಾಧನದ ಬೆಲೆಗೆ ಮಿತಿ ಇರಬೇಕೆಂದು ವಾದಿಸಿದರು. ವ್ಯಾಜ್ಯ ನಡೆಯುತ್ತಿರುವಾಗಲೇ ೨೦೧೬ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಸ್ಟೆಂಟನ್ನು ಅವಶ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ೨೦೧೭ರ ಫೆಬ್ರವರಿ ೧೩ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಜಯಸಿಂಗ್ ರಸ್ತೆಯ ತನ್ನ ಕಚೇರಿಯಿಂದ ಆಜ್ಞೆಯನ್ನು ಹೊರಡಿಸಿತು. ಬರಿಯ ಲೋಹದ ಸ್ಟೆಂಟಿಗೆ ೭,೨೬೦ ರೂಪಾಯಿ, ಔಷಧ ಲೇಪಿಸಿದುದಕ್ಕೆ ೨೯,೬೦೦ ರೂಪಾಯಿ. ಅದಕ್ಕೆ ಮೊದಲು ಲೇಪವುಳ್ಳ ಸ್ಟೆಂಟಿನ ಮುದ್ರಿತ ಬೆಲೆ ಸರಾಸರಿ ೧,೨೧,೪೦೦ ರೂಪಾಯಿ ಇದ್ದಿತೆಂದು ಸರ್ಕಾರವೇ ತಿಳಿಸಿತು. ಮರುವರ್ಷ ಈ ಬೆಲೆಗಳನ್ನು ೭,೬೬೦ ಮತ್ತು ೨೭,೮೯೦ ರೂಪಾಯಿಗಳಿಗೆ ತಿದ್ದಿದರು.

ಇದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಗಮನಿಸಬೇಕಾದ ಒಂದು ಅಂಶವಿದೆ. ನ್ಯಾಯಾಲಯ, ಸರ್ಕಾರ, ವೃತ್ತಪತ್ರಿಕೆ ಎಲ್ಲವೂ ಮಾತನಾಡಿದುದು ಲೋಹದ ಬೆಲೆಯನ್ನು ಕುರಿತು. ಮಾತ್ರೆಯ ಬೆಲೆ ಯಾರಿಗೂ ತೊಂದರೆಯಾಗಿರಲಿಲ್ಲ. ಆದುದರಿಂದ ಅದರ ಮಾತೂ ಬರಲಿಲ್ಲ. ಅಗ್ಗವಾದುದು ಅಲ್ಪವೆಂಬ ಭಾವನೆ ಮನುಷ್ಯಸಹಜ.

ಈ ಉಪೇಕ್ಷೆಯ ಫಲವನ್ನು ೨೦೧೧ರಲ್ಲಿಯೇ ಡಾ. ಯೂಸುಫ್ ಅವರ ನೇತೃತ್ವದ ಮತ್ತೊಂದು ಪರಿಶೀಲನೆ ತೋರಿಸಿದ್ದಿತು. ೧೭ ದೇಶಗಳಲ್ಲಿ ನಡೆದ ಅದರಲ್ಲಿ ಭಾರತವೂ ಸೇರಿದ್ದಿತು. ಹಿಂದೆ ಹೃದ್ರೋಗ ಅಥವಾ ಪಾರ್ಶ್ವವಾಯು ತಗುಲಿದವರ ಮನೆಗಳಿಗೆ ಹೋಗಿ ನೋಡಿದಾಗ, ಶ್ರೀಮಂತ ದೇಶಗಳಲ್ಲಿ ನೂರಕ್ಕೆ ೬೨ ಮಂದಿ ಪ್ಲೇಟ್‌ಲೆಟ್ ತಡೆಯುವ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದರು. ಭಾರತವನ್ನು ಒಳಗೊಂಡ ಬಡ ದೇಶಗಳ ವರ್ಗದಲ್ಲಿ ಅಂಥವರು ನೂರಕ್ಕೆ ೯ಕ್ಕಿಂತ ಕಡಮೆ. ಇದಕ್ಕೆ ಮೂರು ವರ್ಷ ಮೊದಲು ಸೇಂಟ್ ಜಾನ್ಸ್ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ಭಾರತದ ೫೦ ನಗರಗಳ ೨೦,೪೬೮ ರೋಗಿಗಳನ್ನು ಪರಿಶೀಲಿಸಿದ್ದರು. ಆಸ್ಪತ್ರೆಯಲ್ಲಿದ್ದಾಗ ಇವರಲ್ಲಿ ನೂರಕ್ಕೆ ೯೮ ಮಂದಿಗೆ ಈ ಬಗೆಯ ಔಷಧ ದೊರೆತಿದ್ದಿತು. ಇವು ಎರಡು ಬೇರೆ ಪರಿಶೀಲನೆಗಳಾದುದರಿಂದ ಅಂಕಿಗಳನ್ನು ನೇರವಾಗಿ ಕಳೆಯಲಾಗದು. ಆದರೂ ಆಸ್ಪತ್ರೆಯ ಹಾಸಿಗೆಗೂ ಮನೆಯ ಗೂಡಿಗೂ ನಡುವೆ ಮಾತ್ರೆ ಎಲ್ಲಿಯೋ ಜಾರಿಹೋಗುತ್ತಿದೆಯೆಂಬುದು ಸ್ಪಷ್ಟ.

೮

ಮಾತ್ರೆ ಜಾರುವ ಸಂದರ್ಭಗಳಲ್ಲಿ ಕೆಲವು ದೆಹಲಿಗೆ ವಿಶೇಷವಾದುವು. ಮುಖ್ಯವಾದುದು ಡೆಂಗೀ ಜ್ವರ. ಮ್ಯೂನಿಚ್‌ನ ಪರೀಕ್ಷೆ ಪ್ರಕಟವಾದ ೧೯೯೬ರಲ್ಲಿಯೇ ದೆಹಲಿಯಲ್ಲಿ ಡೆಂಗೀ ಹಬ್ಬಿ ೧೦,೨೫೨ ಮಂದಿಗೆ ರೋಗ ತಗುಲಿ ೪೨೩ ಮಂದಿ ಸತ್ತರು. ೨೦೧೫ರಲ್ಲಿ ಮತ್ತೆ ೧೫,೮೬೭ ಮಂದಿಗೆ ತಗುಲಿತು. ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲೇಟ್‌ಲೆಟ್ ಎಂಬ ಮಾತು ಇಲ್ಲಿ ಮನೆಮನೆಯ ಮಾತಾಗುತ್ತದೆ. ಡೆಂಗೀಯಲ್ಲಿ ಪ್ಲೇಟ್‌ಲೆಟ್ಟುಗಳ ಸಂಖ್ಯೆ ಕುಸಿದು ರಕ್ತಸ್ರಾವದ ಭಯ ಉಂಟಾಗುವುದರಿಂದ, ಜ್ವರಕ್ಕೆ ಆಸ್ಪಿರಿನ್ ಕೂಡದೆಂಬ ಎಚ್ಚರಿಕೆ ಪ್ರತಿವರ್ಷವೂ ಪ್ರಚಾರವಾಗುತ್ತದೆ. ಆ ಎಚ್ಚರಿಕೆ ಸರಿಯಾದುದೇ. ಆದರೆ ಎರಡು ತಿಂಗಳ ಹಿಂದೆ ಸ್ಟೆಂಟ್ ಹಾಕಿಸಿಕೊಂಡವನಿಗೆ ಅದೇ ಆಸ್ಪಿರಿನ್ ಪ್ರಾಣಾಧಾರ. ಅವನಿಗೆ ಜ್ವರ ಬಂದಾಗ ಒಂದೇ ವಸ್ತು ವಿಷವೂ ಅಮೃತವೂ ಆಗಿ ನಿಲ್ಲುತ್ತದೆ. ಸ್ಟೆಂಟ್ ಎಷ್ಟು ಹೊಸದು, ಪ್ಲೇಟ್‌ಲೆಟ್ಟುಗಳ ಸಂಖ್ಯೆ ಎಷ್ಟು, ಎಲ್ಲಿಯಾದರೂ ರಕ್ತ ಸೋರುತ್ತಿದೆಯೆ ಎಂಬ ಮೂರನ್ನೂ ನೋಡಿ ಹೃದ್ರೋಗತಜ್ಞನು ದಿನದಿನಕ್ಕೆ ನಿರ್ಣಯಿಸಬೇಕು. ನೆರೆಮನೆಯವರ ಸಲಹೆಯಿಂದ ನಿರ್ಣಯಿಸುವ ವಿಷಯ ಇದಲ್ಲ.

ಇನ್ನೊಂದು ಸಂದರ್ಭ ಪ್ರಯಾಣ. ಕೇಂದ್ರ ಸರ್ಕಾರದ ಸೇವೆಯಿಂದ ನಿವೃತ್ತರಾದ ಕನ್ನಡಿಗರಲ್ಲಿ ಅನೇಕರು ಚಳಿಗಾಲದ ಹೊಗೆಮಂಜಿನಿಂದ ತಪ್ಪಿಸಿಕೊಳ್ಳಲು ಊರಿಗೆ ಹೊರಡುತ್ತಾರೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು, ಮದುವೆ ಮುಂಜಿಗಳನ್ನು ಮುಗಿಸಿ, ಹಳ್ಳಿಯ ಮನೆಯಲ್ಲಿ ತಿಂಗಳು ನಿಲ್ಲುತ್ತಾರೆ. ದೆಹಲಿಯ ಸರ್ಕಾರಿ ಔಷಧಾಲಯದಲ್ಲಿ ಕೊಟ್ಟ ಮಾತ್ರೆಗಳು ನಡುವೆ ಮುಗಿಯುತ್ತವೆ. ವ್ರತ ಉಪವಾಸಗಳ ದಿನ ಬರಿಯ ಹೊಟ್ಟೆಗೆ ಮಾತ್ರೆ ಬೇಡವೆಂದು ಬಿಡುವುದೂ ಉಂಟು. ಹೊಟ್ಟೆ ಉರಿಯಿತೆಂದು ಬಿಡುವುದೂ ಉಂಟು.

ಮಾತ್ರೆ ಬಿಟ್ಟಾಗ ಆಗುವುದೇನೆಂಬುದನ್ನು ಇಲ್ಲಿ ವಿಶದಪಡಿಸಬೇಕು. ಪ್ಲೇಟ್‌ಲೆಟ್ಟಿನ ಆಯುಸ್ಸು ಏಳರಿಂದ ಹತ್ತು ದಿನ. ಆಸ್ಪಿರಿನ್ನಾಗಲಿ ಕ್ಲೊಪಿಡೋಗ್ರೆಲ್ಲಾಗಲಿ ಒಂದು ಬಿಲ್ಲೆಯನ್ನು ತಟ್ಟಿದರೆ ಅದು ತನ್ನ ಆಯುಸ್ಸಿನುದ್ದಕ್ಕೂ ಮಂಕಾಗಿಯೇ ಇರುತ್ತದೆ. ಆದರೆ ಮಜ್ಜೆಯಿಂದ ದಿನವೂ ಹೊಸ ಬಿಲ್ಲೆಗಳು ಬರುತ್ತಿರುತ್ತವೆ. ಮಾತ್ರೆ ನಿಂತ ಒಂದು ವಾರದೊಳಗೆ ಚುರುಕಾದ ಬಿಲ್ಲೆಗಳೇ ಬಹುಸಂಖ್ಯೆಯಲ್ಲಿರುತ್ತವೆ. ಆ ವಾರದಲ್ಲಿ ರೋಗಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಸಕ್ಕರೆ ರೋಗದವನು ಔಷಧ ಬಿಟ್ಟರೆ ಪರೀಕ್ಷೆಯಲ್ಲಿ ತಿಳಿಯುತ್ತದೆ. ನೋವಿನ ಮಾತ್ರೆ ಬಿಟ್ಟರೆ ನೋವು ತಿಳಿಸುತ್ತದೆ. ಈ ಮಾತ್ರೆ ಬಿಟ್ಟರೆ ತಿಳಿಸುವವರಿಲ್ಲ. ಬಿಟ್ಟವನಿಗೆ ಧೈರ್ಯವೇ ಬರುತ್ತದೆ. ಇದೇ ಇದರಲ್ಲಿರುವ ಅಪಾಯ.

೯

ಮೇಲಿನ ವಿವರಗಳಿಂದ ತಿಳಿದುಬರುವುದಿಷ್ಟು. ಸ್ಟೆಂಟಿನ ಚರಿತ್ರೆಯಲ್ಲಿ ಪ್ರತಿಯೊಂದು ಹಂತದಲ್ಲಿಯೂ ಜನರ ದೃಷ್ಟಿ ಲೋಹದ ಮೇಲೆ ನಿಂತಿತು. ಕಷ್ಟ ಬಂದುದು ಪ್ರತಿಸಲವೂ ಹೆಪ್ಪಿನ ಕಡೆಯಿಂದ. ೧೯೮೬ರ ಉತ್ಸಾಹಕ್ಕೆ ೧೯೯೧ರ ಅಂಕಿಗಳೂ, ೨೦೦೩ರ ಉತ್ಸಾಹಕ್ಕೆ ೨೦೦೪ರ ನಾಲ್ವರು ರೋಗಿಗಳೂ ಉತ್ತರವಾಗಿ ಬಂದುವು. ಎರಡು ಸಲವೂ ಪರಿಹಾರ ದೊರೆತದ್ದು ಮಾತ್ರೆಯ ಕ್ರಮವನ್ನು ತಿದ್ದಿಕೊಂಡಾಗ.

ದೆಹಲಿಯ ಮಟ್ಟಿಗೆ, ೧೯೭೦ರ ಕಾಯಿದೆ ಮಾತ್ರೆಯನ್ನು ಅಗ್ಗವಾಗಿಸಿತು. ೨೦೧೭ರ ಆಜ್ಞೆ ಲೋಹವನ್ನು ಅಗ್ಗವಾಗಿಸಿತು. ಉಳಿದ ಕೆಲಸ ಕಾಯಿದೆಯಿಂದಾಗಲಿ ನ್ಯಾಯಾಲಯದಿಂದಾಗಲಿ ಆಗತಕ್ಕದ್ದಲ್ಲ. ಸ್ಟೆಂಟ್ ಹಾಕಿದ ದಿನಾಂಕ, ಅದರ ಬಗೆ, ಮಾತ್ರೆಗಳ ಹೆಸರು, ಅವಧಿ ಇವನ್ನು ಬರೆದ ಚೀಟಿ ರೋಗಿಯ ಜೇಬಿನಲ್ಲಿರಬೇಕು. ಹಲ್ಲಿನ ವೈದ್ಯರಿಗೂ ಊರಿನ ವೈದ್ಯರಿಗೂ ಅದನ್ನು ತೋರಿಸಬೇಕು. ಪ್ರಯಾಣಕ್ಕೆ ಹೊರಡುವಾಗ ತಂಗುವ ದಿನಗಳಿಗಿಂತ ಹೆಚ್ಚು ದಿನದ ಮಾತ್ರೆ ಪೆಟ್ಟಿಗೆಯಲ್ಲಿರಬೇಕು. ನಿಲ್ಲಿಸಬೇಕೆಂದು ಯಾರೇ ಹೇಳಿದರೂ ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮನೆಯವರಿಗೆ ಇದು ಸಣ್ಣ ಕೆಲಸವೆಂದು ತೋರಬಹುದು. ಆದರೆ ತುಲೂಸ್, ಮಿಲಾನ್, ಮ್ಯೂನಿಚ್ ನಗರಗಳ ವೈದ್ಯರು ಹತ್ತು ವರ್ಷ ಶ್ರಮಿಸಿ ಪಡೆದ ಫಲವು ಪ್ರತಿದಿನ ಬೆಳಗ್ಗೆ ನಿಂತಿರುವುದು ಈ ಸಣ್ಣ ಕೆಲಸದ ಮೇಲೆಯೇ.